ಯಂತ್ರ ಬದಲಾದರೆ ಆಟವೆಲ್ಲಿ?

ಗೆಳೆಯನೊಬ್ಬನಿಗೆ ನಮ್ಮ ಪುಸ್ತಕವನ್ನು ಕೊಟ್ಟರೆ ಅದು ನಮ್ಮಲ್ಲಿ ಉಳಿಯುವುದಿಲ್ಲ. ಅದೇ ಗೆಳೆಯನಿಗೆ ಒಂದು ಲೆಕ್ಕದ ಉತ್ತರವನ್ನು ಹೇಳಿದರೆ, ಉತ್ತರ ಅವನಿಗೂ ದೊರೆಯುತ್ತದೆ, ನಮ್ಮಲ್ಲಿಯೂ ಇರುತ್ತದೆ. ದೀಪದಿಂದ ದೀಪವನ್ನು ಹಚ್ಚಿದಾಗ ಮೊದಲನೆಯ ದೀಪದ ಬೆಳಕು ಕುಂದುವುದಿಲ್ಲವಷ್ಟೆ? ಪುಸ್ತಕವು ದ್ರವ್ಯ, ಉತ್ತರವು ಮಾಹಿತಿ. ದ್ರವ್ಯವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತದೆ; ಮಾಹಿತಿಯು ಹರಡುತ್ತದೆ. ಈ ಭೇದವನ್ನು ನಾವೆಲ್ಲರೂ ಚಿಕ್ಕಂದಿನಿಂದಲೇ ಬಲ್ಲೆವು.

ಹಾಗಾದರೆ, ಹಣ ತೆತ್ತು ಕೊಂಡ ಸೊತ್ತೇ ಕೇವಲ ಮಾಹಿತಿಯಾಗಿದ್ದರೆ ಏನಾಗುತ್ತದೆ? ಈ ಪ್ರಶ್ನೆ ಕಾಲ್ಪನಿಕವಾದುದಲ್ಲ. ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ವಿಡಿಯೊ ಆಟಗಳನ್ನಾಡುವ ಯಂತ್ರಗಳನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಇವುಗಳಿಗೆ ಗೇಮ್ ಕನ್ಸೋಲ್ ಎಂದು ಹೆಸರು. ಇವುಗಳಲ್ಲಿ ಆಡುವ ಆಟಗಳನ್ನು ಹಿಂದೆ ಡಿಸ್ಕುಗಳ ರೂಪದಲ್ಲಿ ಅಂಗಡಿಯಿಂದ ತರುತ್ತಿದ್ದರು. ಈಗ ಬಹುಮಟ್ಟಿಗೆ ಅಂತರಜಾಲದ ಮೂಲಕ ಇಳಿಸಿಕೊಳ್ಳುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಹೊಸ ಮಾದರಿಯ ಯಂತ್ರ ಬರುತ್ತದೆ. ಆಗ ಹಳೆಯ ಯಂತ್ರದಲ್ಲಿರುವ ಆಟಗಳನ್ನು ಹೊಸದಕ್ಕೆ ಸಾಗಿಸಬೇಕಾಗುತ್ತದೆ. ಕೆಲಸ ಸುಲಭವೆಂದು ತೋರಬಹುದು. ಆದರೆ ಒಳಹೊಕ್ಕು ನೋಡಿದರೆ ಅದರಲ್ಲಿ ಭೌತಶಾಸ್ತ್ರ, ಗಣಿತ, ಕಾನೂನು ಮೂರೂ ಹೆಣೆದುಕೊಂಡಿರುವುದು ಕಾಣುತ್ತದೆ.

ಸ್ಮೃತಿಯಲ್ಲಿ ಅಡಗಿದ ಆಟ

ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಈ ಸಂಸ್ಥೆ ೨೦೦೬ರ ನವೆಂಬರಿನಲ್ಲಿ 'ವೀ' ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಪ್ರಪಂಚದಲ್ಲಿ ಅಂಥ ಹತ್ತು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದುವು. ಡಿಸ್ಕುಗಳಲ್ಲದೆ, 'ವೀ ಷಾಪ್ ಚಾನೆಲ್' ಎಂಬ ಅಂತರಜಾಲದ ಅಂಗಡಿಯಿಂದಲೂ ಆಟಗಳನ್ನು ಕೊಳ್ಳಲು ಅವಕಾಶವಿತ್ತು. ಹೀಗೆ ಕೊಂಡ ಆಟವು ಯಂತ್ರದೊಳಗಿನ ೫೧೨ ಮೆಗಾಬೈಟ್ ಸಾಮರ್ಥ್ಯದ ಫ್ಲ್ಯಾಷ್ ಸ್ಮೃತಿಯಲ್ಲಿ ನೆಲೆಸುತ್ತಿತ್ತು.

ಫ್ಲ್ಯಾಷ್ ಸ್ಮೃತಿಯೆಂದರೇನು? ಅದು ಕೋಟಿಗಟ್ಟಲೆ ಅತಿ ಸೂಕ್ಷ್ಮ ಕೋಶಗಳ ಸಮೂಹ. ಪ್ರತಿಯೊಂದು ಕೋಶದಲ್ಲಿಯೂ ವಿದ್ಯುದ್ರೋಧಕದಿಂದ ಸುತ್ತುವರಿಯಲ್ಪಟ್ಟ ಒಂದು ಚಿಕ್ಕ ನೆಲೆಯಿದೆ. ತಕ್ಕಷ್ಟು ವೋಲ್ಟೇಜನ್ನು ಪ್ರಯೋಗಿಸಿದಾಗ ಎಲೆಕ್ಟ್ರಾನುಗಳು ಆ ರೋಧಕದ ಗೋಡೆಯನ್ನು ತೂರಿ ಒಳಸೇರುತ್ತವೆ. ವೋಲ್ಟೇಜನ್ನು ತೆಗೆದ ಮೇಲೆ ಹೊರಬರಲಾರದೆ ವರ್ಷಗಟ್ಟಲೆ ಅಲ್ಲಿಯೇ ಸೆರೆಯಾಗಿರುತ್ತವೆ. ಗೋಡೆಯನ್ನು ಹತ್ತಿ ಇಳಿಯದೆ ತೂರಿಹೋಗುವ ಈ ಸೋಜಿಗವನ್ನು ಕ್ವಾಂಟಮ್ ಸಿದ್ಧಾಂತದಲ್ಲಿ ಸುರಂಗ ಪರಿಣಾಮವೆನ್ನುತ್ತಾರೆ. ಎಲೆಕ್ಟ್ರಾನುಗಳು ಇದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು ಎಂದು ಓದಿಕೊಂಡರೆ ಆಯಿತು. ಆಟದ ಚಿತ್ರಗಳು, ಸಂಗೀತ, ನಿಯಮಗಳು ಎಲ್ಲವೂ ಈ ಸೊನ್ನೆ ಮತ್ತು ಒಂದುಗಳ ದೀರ್ಘ ಸರಣಿಯೇ ಹೊರತು ಬೇರೇನೂ ಅಲ್ಲ.

'ಸಾಗಿಸು' ಎಂಬ ಕ್ರಿಯೆಯೇ ಇಲ್ಲ

ಈಗ ಮುಖ್ಯ ವಿಚಾರಕ್ಕೆ ಬರೋಣ. ಈ ಸರಣಿಯನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಿದೆವೆಂದು ಹೇಳುವಾಗ ವಾಸ್ತವವಾಗಿ ನಡೆಯುವುದೇನು? ಹಳೆಯ ಯಂತ್ರದ ಎಲೆಕ್ಟ್ರಾನುಗಳು ಎದ್ದು ಹೊಸ ಯಂತ್ರಕ್ಕೆ ಹೋಗುವುದಿಲ್ಲ. ಹಳೆಯ ಯಂತ್ರದ ಸರಣಿಯನ್ನು ಓದಿ, ಹೊಸ ಯಂತ್ರದ ಬೇರೆಯೇ ಕೋಶಗಳಲ್ಲಿ, ಬೇರೆಯೇ ಎಲೆಕ್ಟ್ರಾನುಗಳಿಂದ ಅದೇ ಸರಣಿಯನ್ನು ಬರೆಯಲಾಗುತ್ತದೆ. ಇದು ನಕಲು. ಆ ಬಳಿಕ ಹಳೆಯದನ್ನು ಒರಸಲಾಗುತ್ತದೆ. ಇದು ಅಳಿಸುವಿಕೆ. ಈ ಎರಡು ಕ್ರಿಯೆಗಳನ್ನು ಒಂದರ ಹಿಂದೊಂದಾಗಿ ಮಾಡಿ, ಅವುಗಳ ಜೋಡಿಗೆ ನಾವು 'ಸಾಗಣೆ' ಎಂಬ ಹೆಸರನ್ನಿಟ್ಟಿದ್ದೇವೆ. ಮಾಹಿತಿಯ ಲೋಕದಲ್ಲಿ ಸಾಗಣೆಯೆಂಬ ಬೇರೆ ಕ್ರಿಯೆಯಿಲ್ಲ.

ಅಳಿಸುವುದಕ್ಕೆ ಪ್ರಕೃತಿ ಏನಾದರೂ ಬೆಲೆಯನ್ನು ವಿಧಿಸಿದೆಯೆ? ವಿಧಿಸಿದೆ. ಒಂದು ಬಿಟ್ ಮಾಹಿತಿಯನ್ನು ಅಳಿಸಲು ಒಂದು ಕನಿಷ್ಠ ಪ್ರಮಾಣದ ಶಕ್ತಿಯಾದರೂ ಉಷ್ಣವಾಗಿ ವ್ಯಯವಾಗಲೇಬೇಕೆಂದು ರಾಲ್ಫ್ ಲ್ಯಾಂಡೌಅರ್ ಎಂಬ ಭೌತವಿಜ್ಞಾನಿ ೧೯೬೧ರಲ್ಲಿ ತೋರಿಸಿದನು. ಕೋಣೆಯ ಉಷ್ಣತೆಯಲ್ಲಿ ವೀ ಯಂತ್ರದ ೫೧೨ ಮೆಗಾಬೈಟುಗಳನ್ನು, ಎಂದರೆ ಸುಮಾರು ೪೩೦ ಕೋಟಿ ಬಿಟ್‌ಗಳನ್ನು, ಪೂರ್ತಿಯಾಗಿ ಅಳಿಸಲು ಈ ನಿಯಮದ ಪ್ರಕಾರ ಬೇಕಾದ ಕನಿಷ್ಠ ಶಕ್ತಿ ಎಷ್ಟು? ಒಂದು ಜೂಲಿನ ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು! ನಿಜವಾದ ಯಂತ್ರಗಳು ಇದರ ಎಷ್ಟೋ ಪಾಲು ಅಧಿಕ ಶಕ್ತಿಯನ್ನು ಬಳಸುತ್ತವೆ. ಆದರೂ ಆ ವೆಚ್ಚ ಕೆಲವು ಪೈಸೆಗಳನ್ನು ಮೀರದು. ಆದುದರಿಂದ ಆಟಗಳ ಸಾಗಣೆಯಲ್ಲಿ ಎದುರಾಗುವ ತೊಡಕುಗಳಿಗೆ ಪ್ರಕೃತಿಯು ಹೊಣೆಯಲ್ಲ. ಅವುಗಳನ್ನು ತಂದಿಟ್ಟವನು ಮನುಷ್ಯನೇ. ಕಾರಣವೂ ಸ್ಪಷ್ಟವಾಗಿದೆ. ನಕಲು ಇಷ್ಟು ಅಗ್ಗವಾಗಿದ್ದರೆ ಒಬ್ಬನು ಕೊಂಡ ಆಟವನ್ನು ಊರಿನವರೆಲ್ಲರೂ ಆಡಬಹುದು. ಆಟವನ್ನು ರಚಿಸಿದವರಿಗೆ ಪ್ರತಿಫಲ ದೊರೆಯುವುದಿಲ್ಲ. ಹೀಗಾಗಿ, ಹರಡುವುದೇ ಸ್ವಭಾವವಾಗುಳ್ಳ ಮಾಹಿತಿಯನ್ನು ದ್ರವ್ಯದಂತೆ ನಡೆದುಕೊಳ್ಳುವ ಹಾಗೆ ಕಟ್ಟಿಹಾಕಬೇಕಾಯಿತು.

ಬೀಗವೂ ಚೀಟಿಯೂ

ಕಟ್ಟಿಹಾಕುವ ಉಪಾಯವಿದು. ಆಟದ ಸರಣಿಯನ್ನು ಮೊದಲು ಗುಪ್ತಲಿಪಿಗೆ ಪರಿವರ್ತಿಸುತ್ತಾರೆ. ಅದನ್ನು ಬಿಡಿಸಲು ೧೨೮ ಬಿಟ್‌ಗಳ ಒಂದು ಕೀಲಿ ಬೇಕು. ಇಂಥ ಕೀಲಿಗಳು ಎಷ್ಟಿರಬಹುದು? ಎರಡರ ೧೨೮ನೆಯ ಘಾತ, ಎಂದರೆ ೩೪ರ ಮುಂದೆ ೩೭ ಸೊನ್ನೆಗಳನ್ನಿಟ್ಟರೆ ಬರುವಷ್ಟು. ಸೆಕೆಂಡಿಗೆ ನೂರು ಕೋಟಿ ಕೋಟಿ ಕೀಲಿಗಳನ್ನು ಪರೀಕ್ಷಿಸಿದರೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು ಹತ್ತು ಕೋಟಿ ಕೋಟಿ ವರ್ಷಗಳು ಹಿಡಿಯುತ್ತವೆ. ವಿಶ್ವದ ವಯಸ್ಸು ೧೩೮೦ ಕೋಟಿ ವರ್ಷಗಳೆಂಬುದನ್ನು ನೆನೆದರೆ ಈ ಬೀಗದ ಬಲ ಮನದಟ್ಟಾಗುತ್ತದೆ.

ಕೀಲಿಯನ್ನು ಒಂದು ಚೀಟಿಯಲ್ಲಿಟ್ಟು ಕೊಡುತ್ತಾರೆ. ಇದಕ್ಕೆ ಟಿಕೆಟ್ ಎಂದೇ ಹೆಸರು. ಆದರೆ ಇದು ಯಾರ ಕೈಗೆ ಸಿಕ್ಕಿದರೂ ಒಳಬಿಡುವ ಸಿನಿಮಾ ಟಿಕೆಟ್ಟಿನಂತಲ್ಲ. ಹೆಸರು ಬರೆದ ರೈಲು ಟಿಕೆಟ್ಟಿನಂತೆ. ವೀ ಅಂಗಡಿಯಲ್ಲಿ ಕೊಂಡ ಆಟದ ಟಿಕೆಟ್ಟಿನಲ್ಲಿ ಆ ಯಂತ್ರದ ಗುರುತಿನ ಸಂಖ್ಯೆ ಸೇರಿರುತ್ತಿತ್ತು. ಅದರೊಳಗಿನ ಕೀಲಿಯನ್ನು ಆ ಒಂದು ಯಂತ್ರ ಮಾತ್ರ ಹೊರತೆಗೆಯಬಲ್ಲುದಾಗಿತ್ತು. ಯಾರೂ ಟಿಕೆಟ್ಟನ್ನು ತಿದ್ದದಂತೆ ಅದರ ಮೇಲೆ ಸಂಸ್ಥೆಯ ಗಣಿತರೂಪದ ಸಹಿಯೂ ಇರುತ್ತಿತ್ತು.

ಗಣಿತದ ಬಲ ಎಷ್ಟಿದ್ದರೂ ಅದನ್ನು ಬಳಸುವವರ ಎಚ್ಚರ ತಪ್ಪಿದರೆ ಪ್ರಯೋಜನವಿಲ್ಲ. ವೀ ಯಂತ್ರದಲ್ಲಿ ಸಹಿಯನ್ನು ಹೋಲಿಸಿ ನೋಡುವ ಕ್ರಮವಿಧಿ, ಹೋಲಿಕೆಯ ನಡುವೆ ಸೊನ್ನೆಯ ಬೈಟ್ ಬಂದೊಡನೆ ಸಾಲು ಮುಗಿಯಿತೆಂದು ಭಾವಿಸಿ 'ಸರಿಯಾಗಿದೆ' ಎಂದುಬಿಡುತ್ತಿತ್ತು. ಹೀಗಾಗಿ ಸಹಿಯ ಜಾಗದಲ್ಲಿ ಬರಿಯ ಸೊನ್ನೆಗಳನ್ನು ತುಂಬಿ, ದಾಖಲೆಯಿಂದ ಗಣಿಸಿದ ಮೊತ್ತದ ಮೊದಲ ಬೈಟೂ ಸೊನ್ನೆಯಾಗುವಂತೆ ಮಾಡಿದರೆ ಸಾಕಾಗಿತ್ತು. ಒಂದು ಬೈಟಿಗೆ ೨೫೬ ಬೆಲೆಗಳಿರುವುದರಿಂದ ಸರಾಸರಿ ೨೫೬ ಪ್ರಯತ್ನಗಳಲ್ಲಿ ಇದು ಸಾಧ್ಯ! ವಿಶ್ವದ ವಯಸ್ಸನ್ನು ಮೀರಿದ ಬೀಗ ಒಂದು ಗಳಿಗೆಯ ಕೆಲಸವಾಯಿತು. ಈ ದೋಷವನ್ನು ಸಂಸ್ಥೆ ಅನಂತರ ಸರಿಪಡಿಸಿತು.

೨೦೧೨ರ ವಲಸೆ

ಹಕ್ಕನ್ನು ಯಂತ್ರಕ್ಕೇ ಬೆಸೆದುಬಿಟ್ಟರೆ, ಯಂತ್ರವನ್ನು ಬದಲಾಯಿಸುವವನ ಗತಿಯೇನು? ೨೦೧೨ರ ನವೆಂಬರಿನಲ್ಲಿ 'ವೀ ಯು' ಎಂಬ ಹೊಸ ಯಂತ್ರ ಬಂದಾಗ ಈ ಪ್ರಶ್ನೆ ಎದುರಾಯಿತು. ಅದಕ್ಕೆ ಏರ್ಪಡಿಸಿದ ವಿಧಾನ ಗಮನಾರ್ಹವಾದುದು. ಮೊದಲು ಒಂದು ಎಸ್.ಡಿ. ಕಾರ್ಡನ್ನು ಹೊಸ ಯಂತ್ರದಲ್ಲಿಟ್ಟು ಸಿದ್ಧಗೊಳಿಸಬೇಕು. ಅದನ್ನು ತೆಗೆದು ಹಳೆಯ ಯಂತ್ರಕ್ಕೆ ಹಾಕಿ ಆಟಗಳನ್ನೂ ದಾಖಲೆಗಳನ್ನೂ ಅದರೊಳಕ್ಕೆ ತುಂಬಬೇಕು. ಮತ್ತೆ ಕಾರ್ಡನ್ನು ಹೊಸ ಯಂತ್ರಕ್ಕೆ ತಂದು ಇಳಿಸಬೇಕು. ಎರಡು ಯಂತ್ರಗಳೂ ಅಂತರಜಾಲವನ್ನು ಸೇರಿರಬೇಕಾಗಿತ್ತು. ಕೆಲಸ ನಡೆಯುತ್ತಿರುವಾಗ ಪರದೆಯ ಮೇಲೆ 'ಪಿಕ್ಮಿನ್' ಎಂಬ ಪುಟ್ಟ ಜೀವಿಗಳು ಸಾಮಾನುಗಳನ್ನು ಹೊತ್ತು ಆಕಾಶನೌಕೆಯೊಳಕ್ಕೆ ಸಾಗಿಸುವ ಚಿತ್ರ ಓಡುತ್ತಿತ್ತು. ಇರುವೆಗಳು ಕಾಳನ್ನು ಹೊರುವಂತಿದ್ದ ಈ ದೃಶ್ಯ ಮನೋಹರವಾದುದೇ. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದೊಂದು ಸವಿಯಾದ ಸುಳ್ಳು. ಹೊತ್ತು ಸಾಗಿಸುವಂಥದು ಅಲ್ಲಿ ಏನೂ ಇರಲಿಲ್ಲ; ಇದ್ದುದು ನಕಲು ಮತ್ತು ಅಳಿಸುವಿಕೆ. ಸಾಗಿಸಿದ ಮೇಲೆ ಹಳೆಯ ಯಂತ್ರದಲ್ಲಿ ಆಟ ಉಳಿಯುತ್ತಿರಲಿಲ್ಲ. ಹಿಂದಕ್ಕೆ ತರುವ ದಾರಿಯೂ ಇರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ನಡುವೆ ವಿದ್ಯುತ್ತು ಹೋದರೆ ಏನಾಗಬೇಕು? ಮೊದಲು ಅಳಿಸಿ ಆಮೇಲೆ ಬರೆಯುವುದಾದರೆ ಆಟ ಎರಡೂ ಕಡೆ ಇಲ್ಲವಾಗುವ ಅಪಾಯ. ಮೊದಲು ಬರೆದು ಆಮೇಲೆ ಅಳಿಸುವುದಾದರೆ ಎರಡೂ ಕಡೆ ಉಳಿಯುವ ಸಂಭವ. 'ನನಗೆ ಸೇರಿತು' ಎಂದು ಹೊಸ ಯಂತ್ರ ತಿಳಿಸಿದ ಮೇಲೆ ಅಳಿಸಬಹುದಲ್ಲ ಎನ್ನುವಿರಾ? ಆ ಸುದ್ದಿಯೇ ದಾರಿಯಲ್ಲಿ ಕಳೆದುಹೋದರೆ? ಸುದ್ದಿ ಮುಟ್ಟಿತೆಂಬ ಸುದ್ದಿಯನ್ನು ಕಳುಹಿಸಿದರೆ ಅದೂ ಕಳೆಯಬಹುದು. ಗಣಕವಿಜ್ಞಾನದಲ್ಲಿ ಇದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆಯೆಂದು ಹೆಸರು. ಎರಡು ಬೆಟ್ಟಗಳ ಮೇಲೆ ಬೀಡುಬಿಟ್ಟ ಇಬ್ಬರು ಸೇನಾಪತಿಗಳು, ನಡುವಿನ ಕಣಿವೆಯಲ್ಲಿ ಶತ್ರುವಿಗೆ ಸಿಕ್ಕಿಬೀಳಬಹುದಾದ ದೂತರ ಮೂಲಕ, ಒಂದೇ ಗಳಿಗೆಯಲ್ಲಿ ಮುತ್ತಿಗೆ ಹಾಕಲು ಒಪ್ಪಂದ ಮಾಡಿಕೊಳ್ಳಬೇಕು. ಎಷ್ಟು ದೂತರನ್ನು ಕಳುಹಿಸಿದರೂ ಇಬ್ಬರಿಗೂ ಪೂರ್ಣ ನಿಶ್ಚಯವುಂಟಾಗದೆಂದು ತರ್ಕದಿಂದ ಸಾಧಿಸಬಹುದು. ಆಸಕ್ತ ವಿದ್ಯಾರ್ಥಿಗಳು ಇದನ್ನು ತಾವೇ ಪ್ರಯತ್ನಿಸಿ ನೋಡಲಿ.

ಹೊಲವೂ ಪಹಣಿಯೂ

ಈ ತೊಡಕಿನಿಂದ ಪಾರಾಗುವ ಉಪಾಯ ನಮ್ಮ ಹಳ್ಳಿಗಳ ರೈತರಿಗೆ ಹೊಸದಲ್ಲ. ಹೊಲವನ್ನು ಮಾರಿದಾಗ ಯಾರೂ ಮಣ್ಣನ್ನು ಹೊತ್ತು ಕೊಂಡವನ ಮನೆಗೆ ಒಯ್ಯುವುದಿಲ್ಲ. ಹೊಲ ಇದ್ದಲ್ಲಿಯೇ ಇರುತ್ತದೆ. ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಸಾಗುವುದು ವಸ್ತುವಲ್ಲ, ಪುಸ್ತಕದ ಒಂದು ಸಾಲು. ಆ ಸಾಲು ಒಂದೇ ಕಡೆ ಇರುವುದರಿಂದ, ಹಕ್ಕು ಯಾರದೆಂಬುದಕ್ಕೆ ಯಾವ ಗಳಿಗೆಯಲ್ಲಿಯೂ ಒಂದೇ ಉತ್ತರ.

ಆಟದ ಯಂತ್ರಗಳೂ ಕ್ರಮೇಣ ಇದೇ ದಾರಿಯನ್ನು ಹಿಡಿದುವು. ನಿಂಟೆಂಡೊ ಸಂಸ್ಥೆ ೨೦೧೬ರಲ್ಲಿ 'ನಿಂಟೆಂಡೊ ಅಕೌಂಟ್' ಎಂಬ ಖಾತೆಯನ್ನು ಆರಂಭಿಸಿತು. ೨೦೧೭ರ ಮಾರ್ಚಿಯಲ್ಲಿ ಬಂದ 'ಸ್ವಿಚ್' ಯಂತ್ರದಲ್ಲಿ ಖರೀದಿಯ ಹಕ್ಕು ಯಂತ್ರಕ್ಕಲ್ಲದೆ ಈ ಖಾತೆಗೆ ಸೇರಿತು. ಯಂತ್ರ ಒಡೆದರೂ ಕಳೆದರೂ, ಹೊಸದರಲ್ಲಿ ಅದೇ ಖಾತೆಯಿಂದ ಪ್ರವೇಶಿಸಿ ಆಟವನ್ನು ಮತ್ತೆ ಇಳಿಸಿಕೊಳ್ಳಬಹುದು. ೨೦೨೫ರ ಏಪ್ರಿಲಿನಲ್ಲಿ, 'ಸ್ವಿಚ್ ೨' ಯಂತ್ರ ಬರುವುದಕ್ಕೆ ತುಸು ಮೊದಲು, ಪ್ರತಿಯೊಂದು ಖರೀದಿಗೂ ಒಂದು ಕಾಲ್ಪನಿಕ ಕಾರ್ಡಿನ ರೂಪವನ್ನು ಕೊಟ್ಟರು. ಈ ಕಾರ್ಡನ್ನು ಒಂದು ಯಂತ್ರದಿಂದ ಹೊರತೆಗೆದು ಇನ್ನೊಂದಕ್ಕೆ ಹಾಕಬಹುದು. ಒಂದು ವೇಳೆಯಲ್ಲಿ ಒಂದೇ ಯಂತ್ರದಲ್ಲಿ ಇರಬಲ್ಲುದು. ಮನೆಯವರಿಗೆ ಎರಡು ವಾರಗಳ ಮಟ್ಟಿಗೆ ಎರವಲಾಗಿಯೂ ಕೊಡಬಹುದು. ಅವಧಿ ತೀರಿದೊಡನೆ ಅದು ತಾನಾಗಿಯೇ ಹಿಂದಿರುಗುತ್ತದೆ. ಈ ಸಂಸ್ಥೆ ೧೮೮೯ರಲ್ಲಿ ಪ್ರಾರಂಭವಾದದ್ದು ಆಟದ ಎಲೆಗಳನ್ನು ತಯಾರಿಸುವ ಉದ್ಯಮವಾಗಿ ಎಂಬುದನ್ನು ನೆನೆದರೆ, ನಿಜವಾದ ಎಲೆಯಿಂದ ಕಾಲ್ಪನಿಕ ಎಲೆಯವರೆಗಿನ ಈ ಪಯಣ ಸ್ವಾರಸ್ಯವಾಗಿ ಕಾಣುತ್ತದೆ.

ಆದರೆ ಖಾತೆಯಲ್ಲಿ ಎಲ್ಲವೂ ಸೇರಿದೆಯೆಂದು ತಿಳಿಯಬಾರದು. ಆಟಗಾರನು ಎಲ್ಲಿಯವರೆಗೆ ಮುಂದುವರಿದಿದ್ದಾನೆ, ಏನೇನು ಗಳಿಸಿದ್ದಾನೆ ಎಂಬ ದಾಖಲೆ ಆಟದ ಸರಣಿಯಿಂದ ಬೇರೆಯಾದುದು. ಸ್ವಿಚ್ ಯಂತ್ರದಲ್ಲಿ ಅದು ನೆಲೆಸುವುದು ಯಂತ್ರದ ಒಳಸ್ಮೃತಿಯಲ್ಲಿ, ಹೊರಗಿನ ಕಾರ್ಡಿನಲ್ಲಲ್ಲ. ವಾರ್ಷಿಕ ಅಥವಾ ಮಾಸಿಕ ಶುಲ್ಕ ಕೊಡುವವರಿಗೆ ಅದರ ಪ್ರತಿಯನ್ನು ಸಂಸ್ಥೆಯ ಸರ್ವರಿನಲ್ಲಿಡುವ ಅನುಕೂಲವಿದೆ. ಕೆಲವು ಆಟಗಳಿಗೆ ಅದೂ ಇಲ್ಲ. ಕೊಂಡ ಆಟವನ್ನು ಮತ್ತೆ ಇಳಿಸಿಕೊಳ್ಳಬಹುದು. ನೂರು ಗಂಟೆಗಳ ಶ್ರಮದ ದಾಖಲೆ ಅಳಿಸಿಹೋದರೆ ಅದನ್ನು ಯಾವ ಅಂಗಡಿಯೂ ಕೊಡಲಾರದು.

ಪುಸ್ತಕವನ್ನಿಟ್ಟುಕೊಂಡವನು ಬಾಗಿಲು ಮುಚ್ಚಿದರೆ

ಪಹಣಿಯನ್ನು ನಿರ್ವಹಿಸುವುದು ಸರಕಾರ. ಆಟದ ಖಾತೆಯನ್ನು ನಿರ್ವಹಿಸುವುದಾದರೋ ಮಾರಾಟ ಮಾಡಿದ ಸಂಸ್ಥೆಯೇ. ಈ ವ್ಯತ್ಯಾಸ ಸಾಮಾನ್ಯವಾದುದಲ್ಲ. ವೀ ಷಾಪ್ ಚಾನೆಲ್ ೨೦೧೯ರ ಜನವರಿ ೩೦ರಂದು ಮುಚ್ಚಿತು. ಕೊಂಡ ಆಟಗಳನ್ನು ಮರಳಿ ಇಳಿಸಿಕೊಳ್ಳುವ ಅನುಕೂಲವೂ ವೀ ಯು ಯಂತ್ರಕ್ಕೆ ಸಾಗಿಸುವ ಅನುಕೂಲವೂ ಶಾಶ್ವತವಲ್ಲವೆಂದು ಸಂಸ್ಥೆ ಮುಂಚಿತವಾಗಿಯೇ ಪ್ರಕಟಿಸಿತ್ತು. ವೀ ಯು ಮತ್ತು ೩ಡಿಎಸ್ ಯಂತ್ರಗಳ ಅಂಗಡಿಗಳಲ್ಲಿ ಹೊಸ ಖರೀದಿ ೨೦೨೩ರ ಮಾರ್ಚಿ ೨೭ರಂದು ನಿಂತಿತು. ಆ ಯಂತ್ರಗಳ ಅಂತರಜಾಲದ ಆಟ ೨೦೨೪ರ ಏಪ್ರಿಲಿನಲ್ಲಿ ಕೊನೆಗೊಂಡಿತು. ಅಲ್ಲಿ ಮಾತ್ರ ದೊರೆಯುತ್ತಿದ್ದ ಎಷ್ಟೋ ಆಟಗಳನ್ನು ಈಗ ಹಣ ಕೊಟ್ಟರೂ ನ್ಯಾಯಮಾರ್ಗದಿಂದ ಕೊಳ್ಳಲು ಬಾರದು.

ಇನ್ನೊಂದು ನಿದರ್ಶನವನ್ನು ನೋಡೋಣ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೪ ಯಂತ್ರಕ್ಕಾಗಿ ಕೊನಾಮಿ ಸಂಸ್ಥೆ ೨೦೧೪ರ ಆಗಸ್ಟಿನಲ್ಲಿ 'ಪಿ.ಟಿ.' ಎಂಬ ಚಿಕ್ಕ ಆಟವನ್ನು ಉಚಿತವಾಗಿ ಹಂಚಿತು. ೨೦೧೫ರಲ್ಲಿ ಅದನ್ನು ಅಂಗಡಿಯಿಂದ ತೆಗೆದುಹಾಕಿದರು. ಮೊದಲೇ ಪಡೆದಿದ್ದವರೂ ಅಳಿಸಿದರೆ ಮತ್ತೆ ಇಳಿಸಿಕೊಳ್ಳುವಂತಿರಲಿಲ್ಲ. ಅದು ಉಳಿದಿದ್ದ ಹಳೆಯ ಯಂತ್ರಗಳಿಗೆ ಹೊಸ ಯಂತ್ರಗಳಿಗಿಂತ ಹೆಚ್ಚು ಬೆಲೆಯನ್ನು ಕೇಳುವವರಿದ್ದರು. ೨೦೨೦ರಲ್ಲಿ ಬಂದ ಪ್ಲೇಸ್ಟೇಷನ್ ೫ ಯಂತ್ರವು ಹಳೆಯ ಆಟಗಳಲ್ಲಿ ಬಹುಪಾಲನ್ನು ಸ್ವೀಕರಿಸಿದರೂ ಇದನ್ನು ಸ್ವೀಕರಿಸಲಿಲ್ಲ. ಸರಣಿ ಕೈಯಲ್ಲಿತ್ತು, ಅದನ್ನು ಒಯ್ಯುವ ಹಕ್ಕು ಇರಲಿಲ್ಲ.

ನ್ಯಾಯಾಲಯದಲ್ಲಿ ಭೌತಶಾಸ್ತ್ರ

ಮಾಹಿತಿಯನ್ನು ನಿಜವಾಗಿ ಸಾಗಿಸಲು ಸಾಧ್ಯವೆ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯವನ್ನೂ ತಲಪಿತು. ಕೊಂಡ ಸಂಗೀತದ ಕಡತಗಳನ್ನು ಎರಡನೆಯವರಿಗೆ ಮಾರಲು ಅನುಕೂಲ ಕಲ್ಪಿಸುವ 'ರಿಡಿಜಿ' ಎಂಬ ಸಂಸ್ಥೆ ೨೦೧೧ರಲ್ಲಿ ಆರಂಭವಾಯಿತು. ಹಳೆಯ ಪುಸ್ತಕವನ್ನು ಮಾರಬಹುದಾದರೆ ಹಳೆಯ ಕಡತವನ್ನೇಕೆ ಮಾರಬಾರದೆಂಬುದು ಅದರ ವಾದ. ಕಡತವನ್ನು ಸಣ್ಣ ಸಣ್ಣ ತುಂಡುಗಳಾಗಿ ಕಳುಹಿಸಿ, ಕಳುಹಿಸಿದ ತುಂಡನ್ನು ಕೂಡಲೇ ಅಳಿಸುತ್ತಾ ಹೋಗುವುದರಿಂದ, ಯಾವ ಗಳಿಗೆಯಲ್ಲಿಯೂ ಎರಡು ಪೂರ್ಣ ಪ್ರತಿಗಳಿರುವುದಿಲ್ಲ. ಆದುದರಿಂದ ಇದು ನಕಲಲ್ಲ, ಸಾಗಣೆಯೇ ಎಂದು ಅದು ಹೇಳಿತು. ಕ್ಯಾಪಿಟಲ್ ರೆಕಾರ್ಡ್ಸ್ ಸಂಸ್ಥೆ ದಾವೆ ಹೂಡಿತು. ೨೦೧೩ರಲ್ಲಿ ಕೆಳಗಿನ ನ್ಯಾಯಾಲಯವೂ, ೨೦೧೮ರ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ ರಿಡಿಜಿಯ ವಾದವನ್ನು ಒಪ್ಪಲಿಲ್ಲ. ಕಡತವು ಹೊಸ ಭೌತಿಕ ವಸ್ತುವಿನಲ್ಲಿ ಮೂಡಿದರೆ ಅದು ಹೊಸ ಪ್ರತಿಯೇ ಎಂಬುದು ತೀರ್ಪಿನ ತಿರುಳು.

ಭೌತಶಾಸ್ತ್ರದ ಮಾತಿಗೆ ಇದು ಹತ್ತಿರವಾದುದೇ. ಆದರೆ ಅದರಿಂದ ಒಂದೇ ತೀರ್ಮಾನ ಹೊರಡಬೇಕೆಂದಿಲ್ಲ. ಯೂರೋಪಿನ ನ್ಯಾಯಾಲಯ ೨೦೧೨ರಲ್ಲಿ, ಆರಾಕಲ್ ಸಂಸ್ಥೆಯ ತಂತ್ರಾಂಶದ ವ್ಯಾಜ್ಯದಲ್ಲಿ, ಕಾಲಮಿತಿಯಿಲ್ಲದ ಪರವಾನಗಿಯೊಡನೆ ಇಳಿಸಿಕೊಂಡ ತಂತ್ರಾಂಶವನ್ನು ಕೊಂಡವನು ಮಾರಬಹುದೆಂದಿತು; ತನ್ನಲ್ಲಿರುವ ಪ್ರತಿಯನ್ನು ಮಾತ್ರ ಅವನು ನಿರುಪಯುಕ್ತಗೊಳಿಸಬೇಕು. ಅದೇ ನ್ಯಾಯಾಲಯ ೨೦೧೯ರಲ್ಲಿ ವಿದ್ಯುನ್ಮಾನ ಪುಸ್ತಕಗಳ ವಿಷಯದಲ್ಲಿ ಬೇರೆಯೇ ನಿಲುವನ್ನು ತಾಳಿತು. ಕ್ಯಾಲಿಫೋರ್ನಿಯದಲ್ಲಿ ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಕಾನೂನು, ಅಂಗಡಿಯು ಕೊಡುತ್ತಿರುವುದು ಹಿಂತೆಗೆದುಕೊಳ್ಳಬಹುದಾದ ಪರವಾನಗಿ ಮಾತ್ರವಾಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬ ಮಾತನ್ನು ಬಳಸಬಾರದೆನ್ನುತ್ತದೆ.

ಮೂರು ಪ್ರಶ್ನೆಗಳು

ಇದುವರೆಗಿನ ವಿವೇಚನೆಯಿಂದ ಒಂದು ಅಂಶ ವಿದಿತವಾಗುತ್ತದೆ. ಇಂಥ ಸೊತ್ತಿನಲ್ಲಿ ಮೂರು ಭಾಗಗಳಿವೆ: ಸರಣಿ, ಕೀಲಿ, ಹೆಸರು. ಡಿಸ್ಕನ್ನು ಕೊಂಡಾಗ ಇವು ಒಂದೇ ವಸ್ತುವಿನಲ್ಲಿ ಬೆಸೆದುಕೊಂಡು ನಮ್ಮ ಕೈಗೆ ಬರುತ್ತಿದ್ದುವು. ಅಂತರಜಾಲದಿಂದ ಕೊಂಡಾಗ ಸರಣಿ ನಮ್ಮ ಯಂತ್ರದಲ್ಲಿರುತ್ತದೆ, ಕೀಲಿ ಚೀಟಿಯಲ್ಲಿರುತ್ತದೆ, ಹೆಸರು ಇನ್ನೊಬ್ಬರ ಪುಸ್ತಕದಲ್ಲಿರುತ್ತದೆ. ಹೆಸರು ಯಂತ್ರಕ್ಕೆ ಅಂಟಿಕೊಂಡಿದ್ದಾಗ ಯಂತ್ರದೊಡನೆ ಸೊತ್ತೂ ಸಾಯುವ ಭಯವಿತ್ತು. ಖಾತೆಗೆ ಸೇರಿದ ಮೇಲೆ ಆ ಭಯ ತಪ್ಪಿತು. ಆದರೆ ಪುಸ್ತಕ ಇಟ್ಟುಕೊಂಡವರ ಆಯುಸ್ಸೇ ಸೊತ್ತಿನ ಆಯುಸ್ಸಾಯಿತು.

ಆದುದರಿಂದ ಯಂತ್ರವನ್ನು ಬದಲಾಯಿಸುವ ಮೊದಲು ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನಾನು ಕೊಂಡ ಹಕ್ಕು ಯಂತ್ರದ ಹೆಸರಿನಲ್ಲಿದೆಯೋ, ನನ್ನ ಖಾತೆಯ ಹೆಸರಿನಲ್ಲಿದೆಯೋ? ನನ್ನ ಆಟದ ದಾಖಲೆಯ ಪ್ರತಿ ಯಂತ್ರದ ಹೊರಗೆ ಎಲ್ಲಿಯಾದರೂ ಇದೆಯೋ? ಅಂಗಡಿ ಮುಚ್ಚಿದ ಮರುದಿನ ನನ್ನಲ್ಲಿ ಏನು ಉಳಿಯುತ್ತದೆ? ಮೊದಲೆರಡಕ್ಕೆ ಉತ್ತರ ತಿಳಿಯದೆ ಹಳೆಯ ಯಂತ್ರವನ್ನು ಒರಸುವುದಾಗಲಿ, ಮಾರುವುದಾಗಲಿ ತರವಲ್ಲ. ಖಾತೆಯ ಗುಪ್ತಪದವನ್ನೂ ಅದಕ್ಕೆ ಜೋಡಿಸಿದ ಮಿಂಚಂಚೆಯ ವಿಳಾಸವನ್ನೂ ಮನೆಯ ಕಾಗದಪತ್ರಗಳಷ್ಟೇ ಜೋಪಾನವಾಗಿ ಕಾಪಾಡಿಕೊಳ್ಳಬೇಕು. ಮೂರನೆಯ ಪ್ರಶ್ನೆಯನ್ನಂತೂ ಹಣ ಕೊಡುವ ಮೊದಲೇ ಕೇಳತಕ್ಕದ್ದು.

ಇದು ಆಟಗಳ ಮಾತಷ್ಟೇ ಅಲ್ಲ. ನಾವು ಓದುವ ಪುಸ್ತಕಗಳು, ಕೇಳುವ ಸಂಗೀತ, ಮನೆಯವರ ಭಾವಚಿತ್ರಗಳು ಎಲ್ಲವೂ ಸರಣಿಗಳಾಗಿ ಪರಿಣಮಿಸುತ್ತಿವೆ. ದೀಪದಿಂದ ದೀಪಕ್ಕೆ ಹಬ್ಬುವುದು ಮಾಹಿತಿಯ ಸಹಜಗುಣ. ಅದನ್ನು ಹಬ್ಬದಂತೆ ತಡೆಯುವುದು ಹೇಗೆಂಬುದನ್ನು ಮನುಷ್ಯನು ಚೆನ್ನಾಗಿ ಕಲಿತಿದ್ದಾನೆ. ರಚಿಸಿದವರಿಗೆ ಪ್ರತಿಫಲವೂ ಸಿಗಬೇಕು, ಕೊಂಡವರ ಮನೆಯಲ್ಲಿ ದೀಪ ಆರಲೂ ಕೂಡದು. ಅಂಥ ಏರ್ಪಾಡನ್ನು ರೂಪಿಸುವ ಕೆಲಸ ಇನ್ನೂ ಬಾಕಿಯಿದೆ. ಇಂದು ಆಟವಾಡುತ್ತಿರುವವರೇ ಮುಂದೆ ಆ ಕೆಲಸಕ್ಕೆ ಕೈಹಾಕಬೇಕಾದವರು.